ಈ ಸಲ ಕೇಳಲಿಲ್ಲ

ದೀಪಾಲಿ ಎಂಟರ್ ಒತ್ತಿದಳು. ಪ್ರತಿ ಸಲ ರೋಗಿಗಳ ಹೆಸರು ಹಿಡಿದು ‘ಇದನ್ನು ಅಳಿಸಲೇ?’ ಎಂದು ಕೇಳುತ್ತಿದ್ದ ಕಂಪ್ಯೂಟರ್ ಈ ಸಲ ಏನೂ ಕೇಳಲಿಲ್ಲ. ‘ಬೇಡ’ ಎನ್ನಲು ಅವಳ ಬೆರಳು ಕೀಲಿಯ ಮೇಲೆ ಕಾಯುತ್ತಲೇ ಇತ್ತು.

ಗೋಕಾಕದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಿಸ್ಕ್ ತುಂಬಿ ಫಿಲ್ಮ್ ಪ್ರಿಂಟ್ ಆಗದೆ ನಿಂತಾಗಲೆಲ್ಲ ಅವಳು ಮಾಡುವುದೇ ಹೀಗೆ. ಎಲ್ಲವನ್ನೂ ಅಳಿಸು ಎಂದು ಕಮಾಂಡ್ ಕೊಡುವುದು, ಬೇಕಾದ ಹೆಸರು ಬಂದಾಗ ಬೇಡ ಎನ್ನುವುದು. ಇವತ್ತು ಬೇಕಾಗಿದ್ದುದು ಕುಲಗೋಡದ ಅಲ್ಲವ್ವನ ಹೆಸರು. ತಲೆಗೆ ಪೆಟ್ಟು ಬಿದ್ದ ಆಕೆಯನ್ನು ಸ್ಕ್ಯಾನ್ ಮುಗಿದೊಡನೆ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿ, ಮಗ ರಾಜಪ್ಪ ಫಿಲ್ಮ್ ಒಯ್ಯಲು ಹೊರಗೆ ನಿಂತಿದ್ದ.

“ಶ್ರೇಣಿಕ ಸರ್, ಇದು ಕೇಳವಲ್ದಲ್ರಿ!”

ಸೆಂಟರಿನ ಕಂಪ್ಯೂಟರುಗಳನ್ನೂ ಅವು ನಡೆಯುವ ಲಿನಕ್ಸನ್ನೂ ನೋಡಿಕೊಳ್ಳುವ ಶ್ರೇಣಿಕ ಎದ್ದು ಬಂದ. ಕೇಳಿಯೇ ಅಳಿಸುವಂತೆ ಆ ಕಮಾಂಡನ್ನು ಬದಲಿಸಿದ್ದವನು ಅವನೇ. ತಾನು ಬದಲಿಸಿದ್ದನ್ನು ಬೇರೆ ಕಡೆ ಇಡದೆ, ಮೂಲ ಕಮಾಂಡಿನ ಜಾಗದಲ್ಲೇ ಕೂರಿಸಿದ್ದ.

“ಮುಂಜಾನೆ ಅಪ್‌ಡೇಟ್ ಹಾಕೇನಿ, ದೀಪಾಲಿ,” ಎಂದ. “ನಾ ಬದಲ ಮಾಡಿದ್ದನ್ನ ತಗದು ಒಗದು, ಅದು ಕೇಳದ ಅಳಸೋ ಮೂಲ ಕಮಾಂಡನ್ನ ತಂದು ಕುಂದರ್ಸೇತಿ.”

ಅಳಿಸುವುದನ್ನು ನಿಲ್ಲಿಸಲು ಅವನು ಕರೆಂಟಿನ ವಾಯರಿಗೆ ಕೈ ಹಾಕುವಷ್ಟರಲ್ಲಿ, ಮಿಣುಕುತ್ತಿದ್ದ ಡಿಸ್ಕಿನ ದೀಪ ಕೆಲಸ ಮುಗಿಸಿ ತಾನಾಗಿಯೇ ಆರಿತು.

ರಾಜಪ್ಪ ಮೊಬೈಲ್ ಕಿವಿಗಿಟ್ಟುಕೊಂಡೇ ಬಾಗಿಲು ತೆರೆದ.

“ಅಕ್ಕಾರ, ಅವ್ವನ್ನ ಆಪರೇಶನ್ನಿಗೆ ಒಳಗ ತಗೊಂಡಾರಂತ್ರಿ. ಡಾಕ್ಟರು ಫಿಲ್ಮಿನ ಹಾದಿ ನೋಡಾಕತ್ತಾರ, ಜಲ್ದಿ ಕೊಡ್ರಿ.”