ಭಾಷೆ ಆರಿಸಿ

ಕನ್ನಡ ಸಂಘದ ಹೊಸ ಕಂಪ್ಯೂಟರಿಗೆ ತಂತ್ರಾಂಶ ಹಾಕಲು ಬಂದಿದ್ದ ಮುಬೀನಾ, ಭಾಷೆ ಆರಿಸುವ ಪಟ್ಟಿಯನ್ನು ತೆರೆದಿಟ್ಟು ಊಟಕ್ಕೆ ಹೋಗಿದ್ದಳು. ಅವಳು ಮರಳುವಷ್ಟರಲ್ಲಿ ಅಧ್ಯಕ್ಷ ಗಂಗಹನುಮಯ್ಯನವರು ಕೆಂಡಾಮಂಡಲವಾಗಿದ್ದರು. ಪತ್ರಕರ್ತರನ್ನು ಕರೆಸಿ, ತಂತ್ರಾಂಶದ ಕಂಪನಿಗೆ ಬೀಗ ಜಡಿಯುವ ಹೋರಾಟವನ್ನೂ ಘೋಷಿಸಿಬಿಟ್ಟಿದ್ದರು.

“ನೂರು ಭಾಷೆ ಹಾಕಿದಾರೆ, ನಮ್ಮದೊಂದೇ ಇಲ್ಲ! ಏಳು ಕೋಟಿ ಜನಕ್ಕೆ ಮಾಡಿರೋ ದ್ರೋಹ ಇದು!”

“ಸರಿಯಾಗಿ ನೋಡಿದ್ರಾ ಸರ್?” ಮುಬೀನಾ ಬಾಗಿಲಲ್ಲೇ ನಿಂತು ಕೇಳಿದಳು.

ಅಧ್ಯಕ್ಷರಿಗೆ ಮೈಯೆಲ್ಲ ಉರಿದುಹೋಯಿತು. ಈ ಭಾಷೆಗಾಗಿ ಮೂರು ಸಲ ಜೈಲು ಕಂಡವರನ್ನು ಕೇಳುವ ಪ್ರಶ್ನೆಯೇ ಇದು?

“ನೋಡದೆ ಮಾತಾಡ್ತೀನೇನಮ್ಮಾ? ಕನ್ನಡಕ ಹಾಕ್ಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿದೀನಿ. ಕೆ ಅಕ್ಷರದಲ್ಲಿ ಕುರ್ದಿ ಅಂತ ಯಾರದೋ ಭಾಷೆ ಇದೆ, ಕನ್ನಡ ಇಲ್ಲ!”

ಮುಬೀನಾ ಒಳಬಂದು ಪಟ್ಟಿಯನ್ನು ಕೆಳಕ್ಕೆ ಸರಿಸಿದಳು. ಕೆ ದಾಟಿತು, ಜೆಡ್ಡೂ ದಾಟಿತು. ಅಲ್ಲಿಂದಾಚೆ ಒಂದು ಸಾಲಿನ ಮೇಲೆ ಅವಳು ಬೆರಳಿಟ್ಟಾಗ ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು.

“ಇಲ್ಲಿದೆ ನೋಡಿ ಸರ್. ಇದನ್ನ ಕನ್ನಡ ಅಕ್ಷರದಲ್ಲಿ ಬರ್ದಿದಾರೆ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ.”