ಸದ್ದಿಲ್ಲದೆ ಇಳಿದವನು

ಈಗಲೂ ನೋವಿನೆಣ್ಣೆಯ ವಾಸನೆ ಬಂದರೆ ಜಯಪುರದ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಿದ್ದ ಅಪ್ಪ, ಮಂಡಿಗೆ ಹಚ್ಚುವ ಆ ಎಣ್ಣೆ ಕೊಳ್ಳಲು ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋಗಿದ್ದ. ಅಲ್ಲಿನ ಟಿವಿಯಲ್ಲಿ ಬ್ಯಾಲೆ ಬರುತ್ತಿತ್ತು. ಮೈಗಂಟಿದ ಬಿಳಿ ಉಡುಪಿನ ಗಂಡಸೊಬ್ಬ ವೇದಿಕೆಯ ನಡುವೆ ಬಂದು ಸುಮ್ಮನೆ ನಿಂತ. ಅಷ್ಟಕ್ಕೇ ನನಗೆ ಬೇರೆ ಯಾರೂ ಕಾಣದಾದರು. ಆಮೇಲೆ ಅವನು ಹಾರಿದ.

ಅಪ್ಪ ಕೆಲಸಕ್ಕೆ ಹೋಗುತ್ತಿದ್ದ ತೋಟದ ಯಜಮಾನರು ಬೆಂಚಿನಲ್ಲಿ ಕೂತು ನಕ್ಕರು. "ಎಂತದು ಮಾರಾಯ, ಗಂಡಸು ಹಿಂಗೆ ಕುಣಿಯೋದಾ? ಚಾನೆಲ್ ತಿರುಗ್ಸು" ಎಂದು ಅಂಗಡಿಯವನಿಗೆ ಹೇಳಿದರು.

ಅವರೆದುರು ಎಂದೂ ದನಿಯೆತ್ತದ ಅಪ್ಪ ರಿಮೋಟಿನ ಮೇಲೆ ಕೈಯಿಟ್ಟ.

"ಇರ್ಲಿ ಒಡೇರೆ. ಅಷ್ಟೆತ್ತರದಿಂದ ಇಳಿದ, ನೆಲಕ್ಕೇ ಗೊತ್ತಾಗ್ಲಿಲ್ಲ. ಮಂಡಿ ಮಡಿಸಿದ್ದು ನೋಡಿ. ಮರದಿಂದ ಮರಕ್ಕೆ ದಾಟೋನು ನಾನು, ಅದು ಎಷ್ಟು ಕಷ್ಟ ಅಂತ ನಂಗೆ ಗೊತ್ತು."

"ಹಂಗಾದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ನೀನು" ಎಂದರು ಯಜಮಾನರು.

"ಆಯ್ತು" ಎಂದ ಅಪ್ಪ. ಕೈ ಮಾತ್ರ ತೆಗೆಯಲಿಲ್ಲ.

ಕುಣಿತ ಮುಗಿಯುವವರೆಗೂ ನಿಂತೇ ನೋಡಿದ. ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟಿದ. ಯಜಮಾನರ ಮುಖವನ್ನೇ ನೋಡುತ್ತಾ ನಾನೂ ತಟ್ಟಿದೆ.