ವರದಿ ಸಿದ್ಧವಾಗುತ್ತಿದೆ

ನಾನು ಬರೆದ ಒಂದು ವಾಕ್ಯವನ್ನು ಯಾರೋ ನಂಬಿ ಕೂತುಬಿಡುತ್ತಾರೆ ಎಂಬ ಅಳುಕು ಮೊನ್ನೆಯಿಂದ ನನಗಿದೆ. ಯಾರಿಗೂ ಹೇಳಿಲ್ಲ.

ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಯ ಆ್ಯಪ್‌ಗೆ. ಅದರಲ್ಲೊಂದು ದೋಷವಿತ್ತು. ಕ್ಯಾನ್ಸರ್ ಇದೆ ಎನ್ನುವ ವರದಿಯೂ ಡಾಕ್ಟರು ಹೇಳುವ ಮೊದಲೇ ರೋಗಿಯ ಫೋನಿನಲ್ಲಿ ತೆರೆದುಕೊಳ್ಳುತ್ತಿತ್ತು. ಈಗ ಅಂಥ ವರದಿಯನ್ನು ಆ್ಯಪ್ ತಡೆಹಿಡಿಯುತ್ತದೆ. ತಡೆದಾಗ ಬರುವ 'ಎರರ್' ಎಂಬ ಕೆಂಪು ಅಕ್ಷರ ಜನರನ್ನು ಹೆದರಿಸುತ್ತದೆ, ಮೆತ್ತಗೆ ಏನಾದರೂ ಬರಿ ಎಂದರು ಆಫೀಸಿನಲ್ಲಿ. 'ನಿಮ್ಮ ವರದಿ ಸಿದ್ಧವಾಗುತ್ತಿದೆ' ಎಂದು ಮೊನ್ನೆ ಬರೆದೆ. ಕಂಪ್ಯೂಟರಿನಲ್ಲಿ ಇಲ್ಲದ ರೋಗಿಗಳನ್ನು ಹುಟ್ಟಿಸಿ, ಕೆಲವರಿಗೆ ಕಾಯಿಲೆ ಕೊಟ್ಟು, ಪರೀಕ್ಷಿಸಿದೆ. ಕಾಯಿಲೆ ಇದ್ದವರಿಗೆ ಮಾತ್ರ ಆ ವಾಕ್ಯ ಬಂತು, ವರದಿ ಇನ್ನೂ ಬಾರದವರೂ ಸೇರಿ ಬೇರೆ ಯಾರಿಗೂ ಬರಲಿಲ್ಲ. ಇಂದು ಬೆಳಗ್ಗೆ ಈ ಹೊಸ ಆ್ಯಪ್ ಎಲ್ಲರ ಫೋನಿಗೂ ಹೋಯಿತು.

ಸಂಜೆ ಪಿಜಿಗೆ ಬಂದರೆ ನನ್ನ ರೂಮಿನ ಶಾಂಭವಿ ಅಕ್ಕ ಬ್ಯಾಗಿಗೆ ಸೀರೆ ತುಂಬುತ್ತಿದ್ದರು.

"ನಿನ್ನ ಆ್ಯಪೂ ನಿನ್ನ ಥರಾನೇ ಕಣೇ, ಬಾಯೇ ಬಿಡಲ್ಲ," ಎಂದು ನಕ್ಕರು. "ಗಂಟಿನ ಟೆಸ್ಟ್ ಮಾಡಿಸಿದ್ನಲ್ಲ, ರಿಪೋರ್ಟ್ ಇನ್ನೂ ಸಿದ್ಧವಾಗ್ತಿದೆಯಂತೆ."

ಫೋನ್ ತೋರಿಸಿದರು. ನನ್ನದೇ ವಾಕ್ಯ.

"ನಾಳೆ ಡಾಕ್ಟರ್ ಹತ್ರ ಹೋಗ್ಬೇಕಿತ್ತಲ್ಲ?" ಎಂದೆ.

"ರಿಪೋರ್ಟೇ ಇಲ್ದೆ ಹೋಗಿ ಅವರ ಮುಖ ನೋಡ್ಲಾ? ತಂಗಿ ಸೀಮಂತ ಮುಗಿಸ್ಕೊಂಡು ಬರ್ತೀನಿ, ಮುಂದಿನ ತಿಂಗಳು ನೋಡೋಣ. ಕೆಟ್ಟದ್ದಾಗಿದ್ರೆ ಇಷ್ಟೊತ್ತಿಗೆ ಹೇಳ್ತಿದ್ರು ಬಿಡು."

ಬ್ಯಾಗನ್ನು ಹೆಗಲಿಗೇರಿಸಿ ಅವರು ಚಪ್ಪಲಿ ಮೆಟ್ಟಿಕೊಂಡರು.

"ಅಕ್ಕಾ," ಎಂದೆ, "ರಿಪೋರ್ಟ್ ಬಂದಿದೆ."